ಬಾಗಿಲಲ್ಲಿ ಕೇಳಿದ್ದು, ಕಚೇರಿಯಲ್ಲಿ ಹೇಳಿದ್ದು

ಮನೆ ಭೇಟಿಗೆ ಹೋಗುವವರು ಲಿಫ್ಟಿನಲ್ಲಿ ಮೊದಲು ಮೇಲಿನ ಮಹಡಿಗೆ ಹೋಗಬೇಕು. ಆಮೇಲೆ ಒಂದೊಂದೇ ಮಹಡಿ ಇಳಿಯುತ್ತ ಬರಬೇಕು. ಕೆಳಗಿನಿಂದ ಹತ್ತುತ್ತ ಹೋದರೆ ಐದನೆಯ ಮಹಡಿಗೇ ದಮ್ಮು ಕಟ್ಟುತ್ತದೆ, ಏದುಸಿರು ಬಿಡುವವರ ಎದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. ಸಂಜೆ ಏಳಕ್ಕೆ ಮುಂಚೆ ಹೋದರೆ ದುಡಿಯುವವರು ಸಿಗುವುದಿಲ್ಲ, ಒಂಬತ್ತು ಮೀರಿದರೆ ಬೈಸಿಕೊಳ್ಳುತ್ತೀರಿ. ಕಬ್ಬಿಣದ ಗೇಟು ಮುಚ್ಚಿದ್ದು ಒಳಗಿನ ಮರದ ಬಾಗಿಲು ತೆರೆದಿದ್ದರೆ ಧೈರ್ಯವಾಗಿ ಕರೆಯಬಹುದು. ಕರೆಯುವ ಮುನ್ನ ಹೊರಗೆ ಬಿಟ್ಟಿರುವ ಚಪ್ಪಲಿಗಳನ್ನು ನೋಡಿಕೊಳ್ಳಿ. ಮನೆಯಲ್ಲಿ ಮುದುಕರಿದ್ದಾರೋ, ಶಾಲೆಗೆ ಹೋಗುವವರಿದ್ದಾರೋ, ಪಾಳಿ ಕೆಲಸದ ಸೇಫ್ಟಿ ಬೂಟಿನವರಿದ್ದಾರೋ ಎಲ್ಲವನ್ನೂ ಚಪ್ಪಲಿಯೇ ಹೇಳುತ್ತದೆ.

ಇಷ್ಟು ವಿದ್ಯೆಯನ್ನು ನಾನು ಒಂದು ವಾರದಲ್ಲಿ ಕಲಿತೆ. ಉಳಿದದ್ದನ್ನು ಕಲಿಯಲು ಎಂಟು ವರ್ಷ ಬೇಕಾಯಿತು. ಕಲಿತದ್ದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ನಮ್ಮ ಬ್ಲಾಕಿನಲ್ಲಿರುವ ಕನ್ನಡದ ಹುಡುಗಿಯೊಬ್ಬಳು ಈಚೆಗೆ ಒಂದು ಪಕ್ಷದ ಸ್ವಯಂಸೇವಕಿಯಾಗಿ ಸೇರಿದ್ದಾಳೆ. ಬೆಂಗಳೂರಿನಲ್ಲಿ ಏಳನೆಯ ತರಗತಿಯವರೆಗೆ ಓದಿದವಳಾದ್ದರಿಂದ ಕನ್ನಡ ಓದಲು ಬರುತ್ತದೆ. "ನಿಮ್ಮ ಕೆಲಸ ನಿಜವಾಗ್ಲೂ ಹೇಗಿತ್ತು ಅಂತ ಬರ್ದುಕೊಡಿ ಆಂಟಿ" ಎಂದಳು. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನಾನು ಮತ್ತೆ ವರದಿ ಬರೆಯಲು ತೊಡಗುತ್ತೇನೆ ಎಂಬ ಭಯವಿದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ, ಈ ಪುಟ್ಟ ದ್ವೀಪ ದೇಶಕ್ಕೆ ಬಂದಾಗ ನನಗೆ ಇಪ್ಪತ್ನಾಲ್ಕು. ನಮ್ಮವರಿಗೆ ಹಡಗುಕಟ್ಟೆಯಲ್ಲಿ ಎಂಜಿನಿಯರ್ ಕೆಲಸ. ಜುರಾಂಗ್ ವೆಸ್ಟ್‌ನಲ್ಲಿ ಮನೆ ಮಾಡಿದೆವು, ಮಕ್ಕಳಾದರು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಇಲ್ಲಿಯ ಪ್ರಜೆಗಳಾದೆವು. ನಾನು ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಆ ವಕೀಲರ ಹೆಸರು ಖೂ. ಅವರೊಂದು ಸಣ್ಣ ವಿರೋಧ ಪಕ್ಷದ ಅಧ್ಯಕ್ಷರೂ ಆಗಿದ್ದರು. ದುಡಿಯುವವರಿಗೆ ಕನಿಷ್ಠ ವೇತನ ಬೇಕು, ಮುದುಕರಿಗೆ ಪಿಂಚಣಿ ಬೇಕು, ಮಾತಾಡಲು ಹೆದರಬೇಕಾದ ಸ್ಥಿತಿ ಇರಬಾರದು ಎನ್ನುವ ಪಕ್ಷ. ಪಾರ್ಲಿಮೆಂಟಿನಲ್ಲಿ ಒಂದು ಸೀಟೂ ಇರಲಿಲ್ಲ. ಪಕ್ಷದ ಹೆಸರನ್ನೂ ಕ್ಷೇತ್ರದ ಹೆಸರನ್ನೂ ನಾನು ಹೇಳುವುದಿಲ್ಲ. ಖೂ ಅವರು ವಕೀಲಿಕೆ ಬಿಟ್ಟಾಗ ನನ್ನನ್ನು ಪಕ್ಷದ ಕಚೇರಿಗೆ ಕರೆದುಕೊಂಡರು. ಸಂಬಳ ಪಡೆಯುವವರು ನಾವಿಬ್ಬರೇ, ನಾನು ಮತ್ತು ಗುಡಿಸುವ ಹೆಂಗಸು. ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಕಚೇರಿ. ಮನೆ ಭೇಟಿಯ ದಾಖಲೆ ಇಡುವುದು ನನ್ನ ಕೆಲಸ.

ಮೊದಲ ಸಂಜೆ ನಾನು ಇಪ್ಪತ್ತು ಮನೆಗಳಿಗೆ ಹೋಗಿ ಬಂದು ಅಂದವಾಗಿ ಟಿಪ್ಪಣಿ ಮಾಡಿಕೊಟ್ಟೆ. 'ಮನೆ ಸಂಖ್ಯೆ ಇಷ್ಟು, ಸಾರಿಗೆಯ ಬಗ್ಗೆ ಅಸಮಾಧಾನ.' ಖೂ ಅವರು ಓದಿ ಕನ್ನಡಕ ತೆಗೆದರು.

"ಆಕೆ ಏನು ಹೇಳಿದಳು?"

"ಸಾರಿಗೆ ಸರಿಯಿಲ್ಲ ಅಂದರು ಸರ್."

"ಇದು ನಿಮಗೆ ಅರ್ಥವಾದದ್ದು ಮಿಸೆಸ್ ರಾವ್. ಆಕೆ ಹೇಳಿದ ಮಾತು ಯಾವುದು?"

ನೆನಪಿಸಿಕೊಂಡು ಹೇಳಿದೆ. ರೋಸ್ನಾ ಎಂಬ ಮಲಯ್ ಹೆಂಗಸು, ಜುರಾಂಗ್ ಈಸ್ಟ್‌ನ ಆಫೀಸೊಂದರಲ್ಲಿ ನೆಲ ಒರೆಸುವ ಕೆಲಸ. 'ಬಸ್ಸು ನನಗಿಂತ ಲೇಟಾಗಿ ಏಳುತ್ತೆ' ಎಂದಿದ್ದಳು. ಖೂ ಅವರು ನಕ್ಕು, "ಇದನ್ನ ಬರೆಯಿರಿ. ಇದರಲ್ಲಿ ಬೇಕಾದ್ದೆಲ್ಲ ಇದೆ" ಎಂದರು.

ಮುಂದಿನ ವಾರ ಅವರೇ ಮುಂಜಾನೆ ಐದಕ್ಕೆ ರೋಸ್ನಾಳ ಬ್ಲಾಕಿನ ಕೆಳಗೆ ಹೋಗಿ ನಿಂತರು. ಎಪ್ಪತ್ತು ದಾಟಿದ ಮನುಷ್ಯ, ಮಂಡಿನೋವು ಬೇರೆ. ರೋಸ್ನಾ ಮತ್ತು ಇನ್ನೂ ಏಳೆಂಟು ಹೆಂಗಸರು ಮೊದಲ ಬಸ್ಸಿಗೆ ಕಾಯದೆ ನಡೆದು ಹೋಗುತ್ತಿದ್ದರು. ಬಸ್ಸಿಗೆ ಕಾದರೆ ಹಾಜರಿಗೆ ತಡವಾಗುತ್ತಿತ್ತು. ಖೂ ಅವರು ಅವರ ಜೊತೆ ಕೊನೆಯವರೆಗೂ ನಡೆದರು. ಆಮೇಲೆ ಪತ್ರ ಬರೆಯತೊಡಗಿದರು. ಎಷ್ಟು ಪತ್ರ ಟೈಪ್ ಮಾಡಿದೆನೋ ನೆನಪಿಲ್ಲ. ತಿಂಗಳುಗಳಾದ ಮೇಲೆ ಮೊದಲ ಬಸ್ಸು ಇಪ್ಪತ್ತು ನಿಮಿಷ ಮುಂಚೆ ಹೊರಟಿತು. ಇದನ್ನು ಕರಪತ್ರದಲ್ಲಿ ಹಾಕೋಣವೇ ಎಂದು ಕೇಳಿದೆ. "ಬೇಡ. ಗೊತ್ತಾಗಬೇಕಾದವರಿಗೆ ಗೊತ್ತಾಗಿದೆ" ಎಂದರು. ನಿಜವಾಗಿತ್ತು. ಆ ಬ್ಲಾಕಿಗೆ ಮತ್ತೆ ಹೋದಾಗ ಹನ್ನೆರಡು ಮಹಡಿಯಲ್ಲಿ ಒಂದು ಬಾಗಿಲೂ ಮುಚ್ಚಿರಲಿಲ್ಲ. ಎಲ್ಲ ಮನೆಯಲ್ಲೂ ಕುಡಿಯಲು ಏನಾದರೂ ಕೊಟ್ಟರು, ಆ ರಾತ್ರಿ ನನಗೆ ಊಟ ಸೇರಲಿಲ್ಲ.

ತಾನ್ ಎಂಬ ಚೀನೀ ಮೂಲದವನು ಸಿಕ್ಕಿದ್ದು 2011ರ ಚುನಾವಣೆಗೆ ಕೆಲವು ತಿಂಗಳ ಮುಂಚೆ. ಐವತ್ತೆರಡು ವಯಸ್ಸು. ಡಿಸ್ಕ್ ಡ್ರೈವಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದು ಆಗಷ್ಟೇ ಕೆಲಸ ಕಳೆದುಕೊಂಡಿದ್ದ. ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು. ಗೇಟಿನ ಹಿಂದೆ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಇಂಡಿಯಾದವರಾ?"

"ಹುಟ್ಟಿದ್ದು ಅಲ್ಲಿ. ಈಗ ಇಲ್ಲಿಯವಳೇ."

"ನನ್ನ ಕುರ್ಚಿಯಲ್ಲಿ ಈಗ ಒಬ್ಬ ಇಂಡಿಯಾದವನು ಕೂತಿದಾನೆ. ಕೆಲಸ ಕಲಿಸಿದ್ದು ನಾನೇ. ಮೂರು ತಿಂಗಳು ಕಲಿಸಿದೆ, ನಾಲ್ಕನೇ ತಿಂಗಳು ನನಗೆ ಲೆಟರ್ ಕೊಟ್ಟರು. ಅವನು ಒಳ್ಳೆ ಹುಡುಗ ಲಾ. ನನ್ನ ಅರ್ಧಕ್ಕೆ ದುಡೀತಾನೆ, ಅಷ್ಟೆ. ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ, ಹೇಳಿ."

ಮಾತಿನ ಕೊನೆಗೆ 'ಲಾ' ಸೇರಿಸುವುದು ಇಲ್ಲಿಯವರ ರೂಢಿ, ನಮ್ಮ 'ಕಣ್ರೀ' ಇದ್ದ ಹಾಗೆ. ತಾನ್ ಒಳಗೆ ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟ. "ನಿಮಗೆ ಹೇಳಿದ್ದಲ್ಲ ಆಂಟಿ" ಎಂದ. ನನಗಿಂತ ನಾಲ್ಕೈದು ವರ್ಷವಷ್ಟೇ ಚಿಕ್ಕವನು ನನ್ನನ್ನು ಆಂಟಿ ಎಂದದ್ದಕ್ಕೆ ನಗು ಬಂತು. ಅವನೂ ನಕ್ಕ.

ಅವನ ಮಾತನ್ನು ಒಂದಕ್ಷರ ಬಿಡದೆ ಬರೆದು ಖೂ ಅವರಿಗೆ ಕೊಟ್ಟೆ. ಮಾರನೆಯ ಸಂಜೆಯೇ ಅವರು ನನ್ನನ್ನೂ ಕರೆದುಕೊಂಡು ಹೋಗಿ ತಾನ್ ಮನೆಯಲ್ಲಿ ಒಂದು ಗಂಟೆ ಕೂತರು. ಪಕ್ಷದ ವಿಷಯ ಎತ್ತಲೇ ಇಲ್ಲ. ಕಾರ್ಖಾನೆಯ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಧೂಳು ತಗುಲದ ಕೋಣೆಗೆ ಹೋಗುವಾಗ ಹಾಕುವ ಉಡುಪು ಎಂಥದು ಎಂದು ಕೇಳುತ್ತಿದ್ದರು. ಏಳುವಾಗ, "ಕಂಪನಿಯವರು ಅರ್ಧ ಸಂಬಳಕ್ಕೆ ಯಾರನ್ನಾದರೂ ಕೂರಿಸಬಹುದು ಅನ್ನೋ ಕಾನೂನು ಇದೆಯಲ್ಲ, ಅದು ನಿಮಗೂ ಅನ್ಯಾಯ, ಆ ಹುಡುಗನಿಗೂ ಅನ್ಯಾಯ" ಎಂದರು. ತಾನ್ ತಲೆಯಾಡಿಸಿದ. ಮರುದಿನ ಕಚೇರಿಗೆ ಬಂದು ಪಕ್ಷದ ಟೀಶರ್ಟ್ ಕೇಳಿ ತೊಟ್ಟುಕೊಂಡ. ಅಂದಿನಿಂದ ಚುನಾವಣೆ ಮುಗಿಯುವವರೆಗೆ ಅವನಷ್ಟು ಬಾಗಿಲು ತಟ್ಟಿದವರು ಬೇರೆ ಯಾರೂ ಇಲ್ಲ. ಚೀನೀ ಮುದುಕಿಯರ ಜೊತೆ ಅವರ ಹೊಕ್ಕಿಯೆನ್ ಭಾಷೆಯಲ್ಲಿ ಮಾತಾಡುತ್ತಿದ್ದ, ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ.

ಆ ಸಲ ಸೋತೆವು. ಆದರೆ ಎದುರಿನವರು ಬೆವರುವಷ್ಟು ಹತ್ತಿರ ಬಂದು ಸೋತೆವು. "ನೆಕ್ಸ್ಟ್ ಟೈಮ್ ಲಾ" ಎಂದ ತಾನ್. ಎಲ್ಲರೂ ಹಾಗೇ ಅಂದುಕೊಂಡೆವು.

ಮರುವರ್ಷ ಖೂ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಹೊಸ ಅಧ್ಯಕ್ಷರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು. ನಾವೆಲ್ಲ ಪ್ರೊಫೆಸರ್ ಎಂದೇ ಕರೆಯುತ್ತಿದ್ದೆವು. ಅವರನ್ನು ಕೆಟ್ಟವರೆಂದು ಚಿತ್ರಿಸುವುದು ಸುಲಭ, ಆದರೆ ಅದು ಸುಳ್ಳು. ನೆಮ್ಮದಿಯ ಕೆಲಸ ಬಿಟ್ಟು ಬಂದವರು. ಕನಿಷ್ಠ ವೇತನದ ವಿಷಯ ಬಂದರೆ ಕಣ್ಣು ಒದ್ದೆಯಾಗುತ್ತಿತ್ತು. ಒಳ್ಳೆಯ ಹೆಸರಿತ್ತಾದ್ದರಿಂದ ಅವರ ಹಿಂದೆ ಓದಿದ ಯುವಕರು ಗುಂಪಾಗಿ ಬಂದರು. ವಕೀಲರು, ಸಂಶೋಧಕರು, ನಾಟಕದವರು. ಕಚೇರಿ ಪಟ್ಟಣದ ನಡುವಿನ ಗಾಜಿನ ಕಟ್ಟಡಕ್ಕೆ ಶಿಫ್ಟ್ ಆಯಿತು. ಎರಡು ಕೋಣೆಯ ಸೆಕೆಗೆ ಒಗ್ಗಿಹೋಗಿದ್ದ ನನಗೆ ಏಸಿಯಲ್ಲಿ ಕೂರಲು ಸ್ವೆಟರ್ ಬೇಕಾಯಿತು. ಇಷ್ಟು ಜನ ಬಂದರಲ್ಲ, ಇನ್ನು ಗೆದ್ದಂತೆಯೇ ಎಂದು ನಾನೂ ಹಿಗ್ಗಿದೆ.

ಹಾಗೆ ಬಂದವರಲ್ಲಿ ಮೇಘನಾ ಒಬ್ಬಳು. ಅಪ್ಪ ಅಮ್ಮ ಬೆಂಗಳೂರಿನವರು, ಇವಳು ಹುಟ್ಟಿ ಬೆಳೆದದ್ದು ಇಲ್ಲೇ. ಲಂಡನ್ನಿನಲ್ಲಿ ರಾಜ್ಯಶಾಸ್ತ್ರ ಓದಿ ಬಂದಿದ್ದಳು. ಮನೆ ಭೇಟಿಯ ವಿಭಾಗಕ್ಕೆ ಮುಖ್ಯಸ್ಥೆ ಎಂದರೆ ನನಗೆ ಮೇಲಧಿಕಾರಿ. ಮಗಳ ವಯಸ್ಸಿನವಳು. ಬಂದ ದಿನವೇ "ಆಂಟಿ, ನಿಮ್ಮ ಹತ್ರ ಕಲಿಯೋದು ತುಂಬ ಇದೆ" ಎಂದು ಕೈಹಿಡಿದುಕೊಂಡಳು. ಅದು ಬಾಯಿಮಾತಲ್ಲ. ನನ್ನ ಜೊತೆ ಅವಳೂ ಮಹಡಿ ಇಳಿದಳು, ಕಾಲಿಗೆ ಬೊಬ್ಬೆ ಬಂದರೂ ಬಿಡಲಿಲ್ಲ.

ಬದಲಾದದ್ದು ಬರೆಯುವ ವಿಧಾನ. ನೋಟ್‌ಬುಕ್ಕಿನ ಬದಲು ಟ್ಯಾಬ್ಲೆಟ್ ಕೊಟ್ಟರು. ಅದರಲ್ಲಿ ಮನೆ ಸಂಖ್ಯೆಯ ಕೆಳಗೆ ಚೌಕಗಳು. ವಸತಿ, ವೇತನ, ಆರೋಗ್ಯ, ಸಾರಿಗೆ, ಹಕ್ಕುಗಳು, ಪರಕೀಯ ದ್ವೇಷ. ಜನ ಏನೇ ಹೇಳಿದರೂ ಒಂದು ಚೌಕ ಒತ್ತಬೇಕು. ಸಂಜೆ ಒತ್ತಿದ್ದು ಬೆಳಗ್ಗೆ ಪ್ರೊಫೆಸರರ ಗೋಡೆಯ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರವಾಗಿರುತ್ತಿತ್ತು. ತಾನ್ ಹೇಳಿದಂಥ ಮಾತನ್ನು ಅದರಲ್ಲಿ ಎಲ್ಲಿ ಹಾಕುವುದೆಂದು ಮೇಘನಾಳನ್ನು ಕೇಳಿದೆ.

"ಅದು ಪರಕೀಯ ದ್ವೇಷಾನೇ ಅಲ್ವಾ ಆಂಟಿ?"

"ಕೆಲಸ ಹೋಗಿದೆ ಅಂತ ಹೇಳ್ತಿದಾನೆ ಕಣಮ್ಮ."

"ಹೌದು, ಬಟ್ ಬ್ಲೇಮ್ ಮಾಡ್ತಿರೋದು ಇಂಡಿಯನ್ಸ್‌ನ. ನಿಮ್ಮನ್ನ, ನನ್ನನ್ನ. ಎಮ್‌ಆರ್‌ಟಿ ರೈಲಲ್ಲಿ ನನ್ನ ಪಕ್ಕ ಕೂತ್ಕೊಳ್ದೆ ಎದ್ದು ಹೋಗಿರೋರನ್ನ ನಾನು ನೋಡಿದೀನಿ ಆಂಟಿ, ಸ್ಕೂಲಲ್ಲಿದ್ದಾಗಿಂದ. ನಾವು ಅದನ್ನ ಕೇಳಿ ತಲೆ ಆಡ್ಸಿದ್ರೆ ಸರಿ ಅಂತ ಒಪ್ಕೊಂಡ ಹಾಗೆ."

ಅವಳ ಮಾತು ಸುಳ್ಳಲ್ಲ. ಅಂಥದ್ದನ್ನು ನಾನೂ ಕಂಡಿದ್ದೇನೆ. ಆದರೆ ತಾನ್ ನೀರು ತಂದುಕೊಟ್ಟದ್ದಕ್ಕೆ ಆ ಟ್ಯಾಬ್ಲೆಟ್ಟಿನಲ್ಲಿ ಚೌಕವಿರಲಿಲ್ಲ. ಇದನ್ನು ಹೇಳಬೇಕೆಂದುಕೊಂಡೆ. ಮೇಲಧಿಕಾರಿಯ ಜೊತೆ ವಾದವೇಕೆ ಎಂದು ಸುಮ್ಮನಾದೆ. ಈ ಸುಮ್ಮನಾಗುವುದು ಹೇಗೆ ಶುರುವಾಗುತ್ತದೆ ಎಂದು ಹೊಸಬರು ಗಮನಿಸಬೇಕು. ಹೆದರಿಕೆಯಿಂದಲೇ ಶುರುವಾಗುವುದಿಲ್ಲ. ಎದುರಿಗಿರುವವರು ಒಳ್ಳೆಯವರು, ಅವರ ಮನಸ್ಸು ನೋಯಿಸುವುದು ಬೇಡ ಎಂದೂ ಶುರುವಾಗುತ್ತದೆ.

ಆಮೇಲೆ ನಡೆದದ್ದು ಬರೆಯಲು ಕಷ್ಟವಾಗುವ ಪ್ರಸಂಗ.

ದುಡಿಮೆಯ ಕುರಿತು ಪಕ್ಷ ಒಂದು ಸಂವಾದ ಏರ್ಪಡಿಸಿತು. ಕಾರ್ಮಿಕರ ಧ್ವನಿಯೂ ಇರಬೇಕೆಂದು ಪ್ರೊಫೆಸರ್ ಹೇಳಿದರು. ಯಾರಿದ್ದಾರೆ ಎಂದು ಕೇಳಿದಾಗ ತಾನ್ ಹೆಸರು ಕೊಟ್ಟವಳು ನಾನು. ತಾನ್ ಆಗ ಕಾಂಡೋ ಒಂದರಲ್ಲಿ, ಎಂದರೆ ಉಳ್ಳವರ ಅಪಾರ್ಟ್‌ಮೆಂಟಿನಲ್ಲಿ, ಸೆಕ್ಯುರಿಟಿ ಗಾರ್ಡ್ ಆಗಿದ್ದ, ಹನ್ನೆರಡು ಗಂಟೆಯ ಪಾಳಿ. ಆ ಶನಿವಾರಕ್ಕೆ ರಜೆ ಹಾಕಿದ. ಏನು ಮಾತಾಡಬೇಕೆಂದು ಕಾಗದದಲ್ಲಿ ಬರೆದು ನನಗೆ ಫೋನಿನಲ್ಲಿ ಎರಡು ಸಲ ಓದಿ ಹೇಳಿದ. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು.

ಸಭಾಂಗಣದಲ್ಲಿ ನೂರೈವತ್ತು ಜನರಿದ್ದರು. ನಮ್ಮ ಕ್ಷೇತ್ರದವರು ನನ್ನ ಲೆಕ್ಕದಲ್ಲಿ ತಾನ್ ಒಬ್ಬನೇ. ಮೂವರು ವಿದ್ವಾಂಸರು ಮಾತಾಡಿದ ಮೇಲೆ ಅವನನ್ನು ಕರೆದರು. ಇಸ್ತ್ರಿ ಮಾಡಿದ ಪಕ್ಷದ ಟೀಶರ್ಟ್ ತೊಟ್ಟು, ಕಾಗದ ಹಿಡಿದು ನಿಂತ. ಇಪ್ಪತ್ತಮೂರು ವರ್ಷ ದುಡಿದದ್ದು, ಹೊಸ ಹುಡುಗನಿಗೆ ಕಲಿಸಿದ್ದು, ಲೆಟರ್ ಬಂದದ್ದು ಹೇಳಿದ. "ಸರ್ಕಾರದವರು ಹೊರಗಿನಿಂದ ಇಷ್ಟೊಂದು ಜನರನ್ನ ಕರೆದು ತಂದರು. ನಮ್ಮನ್ನ ಒಂದು ಮಾತೂ ಕೇಳಲಿಲ್ಲ. ಸ್ವಲ್ಪ ಕಡಿಮೆ ಮಾಡಿ ಅಂತ ಕೇಳೋದು ತಪ್ಪಾ ಲಾ?" ಎಂದ.

ಸಭೆಯಲ್ಲಿ ಗುಜುಗುಜು ಶುರುವಾಯಿತು. ಒಬ್ಬ ಯುವತಿ ಮೈಕ್ ತೆಗೆದುಕೊಂಡು, "ಇಂಥ ವೇದಿಕೆಯ ಮೇಲೆ ಇಂಥ ಭಾಷೆಗೆ ಜಾಗ ಕೊಡುವುದು ನೋವಿನ ವಿಷಯ. ಈ ಸಭೆಯಲ್ಲಿ ವಲಸೆ ಬಂದವರೂ ಇದ್ದಾರೆ, ಅವರಿಗೆ ಹೇಗನ್ನಿಸಬೇಡ" ಎಂದಳು. ಚಪ್ಪಾಳೆ ಬಿತ್ತು. ಪ್ರೊಫೆಸರ್ ನಗುತ್ತಲೇ ಎದ್ದು, "ಶ್ರೀ ತಾನ್ ಹೇಳಬಯಸಿದ್ದು ಏನೆಂದರೆ" ಎಂದು ಆರಂಭಿಸಿ, ಬಂಡವಾಳ, ಶ್ರಮದ ಮಾರುಕಟ್ಟೆ ಎಂದೆಲ್ಲ ಐದು ನಿಮಿಷ ಮಾತಾಡಿದರು. ತಾನ್ ಅವರ ಪಕ್ಕದಲ್ಲಿ ಕಾಗದ ಮಡಚುತ್ತ ನಿಂತೇ ಇದ್ದ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ನಾನು ಮೂರನೆಯ ಸಾಲಿನಲ್ಲಿದ್ದೆ. ವಲಸೆ ಬಂದವರಿಗೆ ಹೇಗನ್ನಿಸುತ್ತದೆ ಎಂದು ಹೇಳಲು ಆ ಸಭೆಯಲ್ಲಿ ನನಗಿಂತ ಅಧಿಕಾರವುಳ್ಳವರು ಯಾರಿದ್ದರು? ಎದ್ದು, ನಾನು ಮೈಸೂರಿನವಳು, ನನಗೇನೂ ಅನ್ನಿಸಲಿಲ್ಲ, ಈ ಮನುಷ್ಯ ನನಗೆ ಗೊತ್ತು ಎಂದಿದ್ದರೆ ಮುಗಿಯುತ್ತಿತ್ತು. ಮೂರು ವಾಕ್ಯ ಸಾಕಿತ್ತು. ನಾನು ಏಳಲಿಲ್ಲ. ನೂರೈವತ್ತು ಓದಿದ ಜನರ ಎದುರು ನನ್ನ ಇಂಗ್ಲಿಷ್ ತಡವರಿಸೀತು ಎಂಬ ಸಂಕೋಚ. ಅಷ್ಟೇ ಕಾರಣ. ದೊಡ್ಡ ಕಾರಣವೇನೂ ಇರಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ತಾನ್ ಕೇಳಿದ, "ನಾನು ಏನು ತಪ್ಪು ಹೇಳಿದೆ ಆಂಟಿ? ನೀವೇ ಚೆನ್ನಾಗಿದೆ ಅಂದಿದ್ರಲ್ಲ."

"ನೀವು ತಪ್ಪು ಹೇಳಿಲ್ಲ. ಅವರಿಗೆ ಅರ್ಥ ಆಗಲಿಲ್ಲ" ಎಂದೆ.

"ನೀವಾದ್ರೂ ಅಲ್ಲಿ ಹೇಳಬಹುದಿತ್ತು" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ಬಂತು, ಹತ್ತಿ ಹೋದ.

ಯಾರೋ ಅದನ್ನು ವಿಡಿಯೋ ಮಾಡಿ ಹಾಕಿದ್ದರು. ಅವನ ಇಂಗ್ಲಿಷನ್ನು ಆಡಿಕೊಂಡು ನಕ್ಕವರು ಕೆಲವರು, ದ್ವೇಷ ಹರಡುವವನು ಎಂದವರು ಕೆಲವರು. ಅವನ ಮಗಳ ಆಫೀಸಿನವರೂ ನೋಡಿದರಂತೆ. ಒಂದು ವಾರದ ನಂತರ ನಾನು ಕಚೇರಿಗೆ ಬಂದಾಗ ಬಾಗಿಲಿನ ಹಿಡಿಗೆ ಪ್ಲಾಸ್ಟಿಕ್ ಚೀಲವೊಂದು ನೇತುಹಾಕಿತ್ತು. ಒಳಗೆ ಅವನ ಟೀಶರ್ಟ್, ಒಗೆದು ನಾಲ್ಕು ಮಡಿಕೆ ಮಾಡಿದ್ದು. ಚೀಟಿ ಗೀಟಿ ಏನೂ ಇರಲಿಲ್ಲ. ಅಷ್ಟು ದೂರದಿಂದ ಪಾಳಿ ಮುಗಿಸಿ ಬಂದು, ನಾನು ಬರುವ ಮುಂಚೆ ಇಟ್ಟು ಹೋಗಿದ್ದ. ಅದನ್ನು ಮೇಘನಾಳಿಗೆ ತೋರಿಸಿದೆ. ಅವಳು ಅದನ್ನು ಬಿಚ್ಚಿ ನೋಡಿ ಮತ್ತೆ ಹಾಗೆಯೇ ಮಡಚಿಟ್ಟಳು. ಆಮೇಲೆ, "ಪ್ರೊಫೆಸರ್‌ಗೆ ಹೇಳಿ ಒಂದು ಅಪಾಲಜಿ ಲೆಟರ್ ಬರ್ಸೋಣ" ಎಂದಳು. ಪತ್ರದ ಕರಡು ಮೂವರ ಕೈ ಸುತ್ತಿತು. ಕ್ಷಮೆ ಕೇಳಿದರೆ ಆ ಮಾತನ್ನು ಒಪ್ಪಿದಂತಾಗುವುದೇ ಎಂದು ಚರ್ಚೆಯಾಯಿತು. ಕೊನೆಗೆ ಕಳಿಸಲೇ ಇಲ್ಲ.

ನಾನೂ ಅವನ ಮನೆಗೆ ಹೋಗಲಿಲ್ಲ. ಆ ಬ್ಲಾಕಿನ ಪಾಲು ಬಂದಾಗಲೆಲ್ಲ ಬೇರೆಯವರನ್ನು ಕಳಿಸಿದೆ.

2015ರ ಚುನಾವಣೆಗೆ ನಾವು ಹಿಂದೆಂದೂ ಇಲ್ಲದಷ್ಟು ಸಿದ್ಧರಾಗಿದ್ದೆವು. ಹನ್ನೆರಡು ಪುಟದ ಪ್ರಣಾಳಿಕೆ, ನಾಲ್ಕು ಭಾಷೆಯಲ್ಲಿ. ಮುಖಪುಟದ ಮೇಲೆ ನೆಲ ಒರೆಸುವ ಹೆಂಗಸಿನ ಚಿತ್ರ, ಮೇಲೆ 'ಈ ನಾಡಿನ ಬಡವರಿಗಾಗಿ' ಎಂಬ ತಲೆಬರಹ. ಅದನ್ನು ಹಿಡಿದು ರೋಸ್ನಾಳ ಮನೆಗೆ ಹೋದೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಇದು ಯಾರು?"

"ಯಾರೋ ಮಾಡೆಲ್ ಇರಬೇಕು."

"ನಮ್ಮ ಕೆಲಸದ ಬಗ್ಗೆ ಬರೆದಿದೆ ಅಂತ ಮಗ ಫೋನಲ್ಲಿ ಓದಿ ಹೇಳಿದ. ಮೇಲೆ ಬಡವರು ಅಂತ ಹಾಕಿದೆಯಂತೆ. ನಾನು ಬಡವಳಲ್ಲ ಕಾಕಾಕ್. ನಾನು ದಿನಾ ಕೆಲಸಕ್ಕೆ ಹೋಗ್ತೀನಿ." ಕಾಕಾಕ್ ಎಂದರೆ ಮಲಯ್‌ನಲ್ಲಿ ಅಕ್ಕ. ಪ್ರಣಾಳಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೇ ಹಿಂದಿರುಗಿಸಿದಳು. ಮಾತಿನಲ್ಲಿ ಮರ್ಯಾದೆಯಿತ್ತು. ಗೇಟು ಮಾತ್ರ ತೆರೆಯಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ನಿಂತು ಟ್ಯಾಬ್ಲೆಟ್ ತೆಗೆದೆ. 'ವೇತನ' ಎಂಬ ಚೌಕ ಒತ್ತಿದೆ. ಟಿಪ್ಪಣಿಯ ಜಾಗದಲ್ಲಿ 'ವೇತನದ ಬಗ್ಗೆ ಕಳವಳ ಇದೆ, ಪಕ್ಷದ ಬಗ್ಗೆ ಒಲವಿದೆ' ಎಂದು ಬರೆದೆ. ಅವಳು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಅದನ್ನು ಬರೆದರೆ ಇಷ್ಟು ತಿಂಗಳು ಕೂತು ಪ್ರಣಾಳಿಕೆ ಮಾಡಿದ ಹುಡುಗರ ಮುಖ ಬಾಡುತ್ತದೆ. ಚುನಾವಣೆ ಹತ್ತಿರವಿದೆ, ಈಗೇಕೆ ಎನ್ನಿಸಿತು. ಒಂದು ಸಲ ಹಾಗೆ ಬರೆದ ಮೇಲೆ ಎರಡನೆಯ ಸಲ ಕೈ ತಡೆಯಲಿಲ್ಲ. ಆ ಆರು ವಾರಗಳಲ್ಲಿ ನಾನು ಬರೆದದ್ದನ್ನೆಲ್ಲ ಈಗ ಯಾರಾದರೂ ತೆಗೆದು ಓದಿದರೆ, ನಾವು ಗೆಲ್ಲಲೇಬೇಕಿತ್ತು.

ಬಾಗಿಲುಗಳಲ್ಲಿ ಯಾರೂ ಬೈಯುತ್ತಿರಲಿಲ್ಲ. ಹಿಂದೆ ಬೈಯುತ್ತಿದ್ದರು, ವಾದ ಮಾಡುತ್ತಿದ್ದರು, ನೀವು ಗೆದ್ದರೆ ನಮ್ಮ ಲಿಫ್ಟ್ ರಿಪೇರಿ ಯಾರು ಮಾಡಿಸುತ್ತಾರೆ ಎಂದು ಕೇಳುತ್ತಿದ್ದರು. ಈ ಸಲ "ಯೆಸ್, ಯೆಸ್, ಥ್ಯಾಂಕ್ಯೂ" ಎಂದು ಪ್ರಣಾಳಿಕೆ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊಸ ಸ್ವಯಂಸೇವಕರು ಎಷ್ಟು ಒಳ್ಳೆಯ ಸ್ವಾಗತ ಎಂದು ಸಂತೋಷಪಟ್ಟರು. ಜಗಳವಾಡುವವರಿಗೆ ನಮ್ಮಿಂದ ಇನ್ನೂ ಏನೋ ಬೇಕಾಗಿರುತ್ತದೆ. ನಯವಾಗಿ ನಕ್ಕು ಬಾಗಿಲು ಮುಚ್ಚುವವರಿಗೆ ಏನೂ ಬೇಕಾಗಿರುವುದಿಲ್ಲ. ಇದು ನನಗೆ ಗೊತ್ತಿತ್ತು. ಹೇಳಲಿಲ್ಲ.

ನಮ್ಮ ಚುನಾವಣಾ ಸಭೆಗಳಿಗೆ ಮೈದಾನ ತುಂಬಿ ಜನ ಬಂದರು. ಪುಂಗೋಲ್‌ನಿಂದ, ದ್ವೀಪದ ಆ ತುದಿಯಿಂದ ಈ ತುದಿಯಿಂದ ರೈಲು ಹತ್ತಿ ಬಂದರು. ಫೋನಿನ ದೀಪ ಹಿಡಿದು ತೂಗಿದರು. ಅವರ ಓಟು ಅವರವರ ಕ್ಷೇತ್ರದಲ್ಲಿತ್ತು. ನಮ್ಮ ಕ್ಷೇತ್ರದವರು ಮನೆಯಲ್ಲಿ ಕೂತು ಟೀವಿ ನೋಡುತ್ತಿದ್ದರು. 2011ರಲ್ಲಿ ಪಡೆದಿದ್ದ ಓಟುಗಳನ್ನೂ ಕಳೆದುಕೊಂಡು ಸೋತೆವು. ಮತ್ತೆ ಎದ್ದು ನಿಲ್ಲುತ್ತೇವೆ ಎಂದು ಹೇಳಲೂ ಬಾಯಿ ಬಾರದಂಥ ಸೋಲು.

ಫಲಿತಾಂಶದ ಮರುದಿನ ಕ್ಷೇತ್ರದಲ್ಲಿ ಸುತ್ತಿ ಮತದಾರರಿಗೆ ವಂದನೆ ಹೇಳುವುದು ಇಲ್ಲಿಯ ಪದ್ಧತಿ. ಗೆದ್ದವರೂ ಹೋಗುತ್ತಾರೆ, ಸೋತವರೂ ಹೋಗುತ್ತಾರೆ. ಪ್ರೊಫೆಸರ್ ತೆರೆದ ಲಾರಿಯಲ್ಲಿ ಹೋದರು. ಮೇಘನಾ ಮತ್ತು ನಾನು ಕಾಲ್ನಡಿಗೆಯಲ್ಲಿ ಹೊರಟೆವು. ತಾನ್ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಎಂದರೆ ನೆಲಮಹಡಿಯ ತೆರೆದ ಜಾಗದಲ್ಲಿ, ಕಂಬಗಳ ನಡುವಿನ ಕಲ್ಲಿನ ಬೆಂಚಿನ ಮೇಲೆ ಅವನು ಗಾರ್ಡಿನ ಸಮವಸ್ತ್ರದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ತಪ್ಪಿಸಿಕೊಂಡು ಹೋಗಲು ದಾರಿಯಿರಲಿಲ್ಲ. ನಿಜ ಹೇಳಬೇಕೆಂದರೆ ದಾರಿಯಿದ್ದಿದ್ದರೆ ಹೋಗುತ್ತಿದ್ದೆ.

"ಕೂತುಕೊಳ್ಳಿ ಆಂಟಿ, ತುಂಬ ದಣಿದಿದೀರಿ" ಎಂದ. ಮೇಘನಾಳಿಗೂ ಜಾಗ ಮಾಡಿಕೊಟ್ಟ. ಅವಳು ಯಾರೆಂದು ಹೇಳಿದೆ.

"ಅವತ್ತಿನ ಸಭೆಯ ವಿಷಯದಲ್ಲಿ ನನ್ನಿಂದ ತಪ್ಪಾಯ್ತು. ನಾನು ಎದ್ದು ಮಾತಾಡಬೇಕಾಗಿತ್ತು" ಎಂದೆ. ಎರಡು ವರ್ಷದಿಂದ ಹೇಳಬೇಕಾಗಿದ್ದ ಮಾತು.

"ಅದು ಹಳೇದು ಲಾ." ಕಾಫಿ ಲೋಟ ಕೆಳಗಿಟ್ಟ. "ನಾನು ಅವರಿಗೆ ಓಟು ಹಾಕಿದೆ. ಜೀವನದಲ್ಲಿ ಮೊದಲನೇ ಸಲ ಆಳೋರಿಗೆ ಹಾಕಿದ್ದು. ನಿಮಗೆ ಹೇಳ್ದೆ ಮುಚ್ಚಿಡೋದು ಬೇಡ ಅಂತ ಹೇಳ್ತಿದೀನಿ."

ಮೇಘನಾ ಮೆಲ್ಲಗೆ, "ಹೊರಗಿನವರನ್ನ ಅವರು ಕರೆಸಿದ್ದಕ್ಕೇ ನಿಮ್ಮ ಕೆಲಸ ಹೋಯ್ತಲ್ಲ ಅಂಕಲ್?" ಎಂದು ಕೇಳಿದಳು.

"ಹೌದು. ಗೊತ್ತು. ನಾನೇನು ದಡ್ಡನಾ?" ಅವಳ ಕಡೆ ತಿರುಗಿದ. "ಅವರು ನನ್ನ ಕೆಲಸ ತೆಗೆದರು. ಆಮೇಲೆ ಅವರ ಕಡೆಯವನೊಬ್ಬ ಬಂದು ಗಾರ್ಡ್ ಕೆಲಸದ ಫಾರ್ಮ್ ತುಂಬಿಕೊಟ್ಟ, ಬ್ಲಾಕಿನ ಮೆಟ್ಟಿಲ ಹತ್ತಿರ ಗಾಲಿಕುರ್ಚಿಯವರಿಗೆ ಇಳಿಜಾರು ಹಾಕ್ಸಿಕೊಟ್ಟ. ನನ್ನ ಮಾತು ಕೇಳಿ ಅವನು ಮುಖ ಸಿಂಡರಿಸಲಿಲ್ಲ. ನಿಮ್ಮವರು ನನ್ನ ಪರವಾಗಿದಾರೆ, ಅದೂ ಗೊತ್ತು. ಆದ್ರೆ ನಿಮ್ಮವರ ಹತ್ರ ಬಾಯಿ ಬಿಡಬೇಕು ಅಂದ್ರೆ ನಾನು ಮೊದಲು ಪರೀಕ್ಷೆ ಪಾಸು ಮಾಡಬೇಕು. ಐವತ್ತಾರು ವರ್ಷ ಆಯ್ತು ನನಗೆ. ಇನ್ನು ಯಾವ ಪರೀಕ್ಷೆ ಬರೀಲಿ."

ಅವನು ಲೋಟವನ್ನು ಅಂಗಡಿಗೆ ಹಿಂದಿರುಗಿಸಿ ಬಂದು, "ಮಲಗಬೇಕು, ಸಂಜೆ ಮತ್ತೆ ಪಾಳಿ ಇದೆ" ಎಂದು ಹೇಳಿ ಲಿಫ್ಟಿನ ಕಡೆ ನಡೆದ.

ಅದೇ ದಿನ ಮಧ್ಯಾಹ್ನ ಕಚೇರಿಯಲ್ಲಿ ಸಭೆ. ಪ್ರೊಫೆಸರ್ ಹಿಂದಿನ ದಿನದ ಅಂಗಿಯಲ್ಲೇ ಇದ್ದರು, ಕಣ್ಣು ಕೆಂಪಾಗಿತ್ತು. ಬಿಳಿ ಬೋರ್ಡಿನ ಮುಂದೆ ನಿಂತು, "ಎಲ್ಲಿ ಎಡವಿದೆವು? ಒಬ್ಬೊಬ್ಬರಾಗಿ ಹೇಳಿ. ಮುಲಾಜು ಬೇಡ" ಎಂದರು. ಒಬ್ಬರು ಪತ್ರಿಕೆಗಳ ಪಕ್ಷಪಾತ ಎಂದರು. ಒಬ್ಬರು ಕ್ಷೇತ್ರದ ಗಡಿ ಬದಲಾದದ್ದು ಎಂದರು. ಒಬ್ಬರು ಜನರಿಗೆ ಹೆದರಿಕೆ ಎಂದರು. ಯಾವುದೂ ಪೂರ್ತಿ ಸುಳ್ಳಲ್ಲ. ನನ್ನ ಸರದಿ ಬಂತು.

"ಮಿಸೆಸ್ ರಾವ್, ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಬಾಗಿಲು ತಟ್ಟಿದವರು ನೀವು. ಹೇಳಿ."

ತಾನ್ ಹೇಳಿದ್ದು ಅದೇ ಬೆಳಗ್ಗೆ, ಒಂದಕ್ಷರವೂ ಮರೆತಿರಲಿಲ್ಲ. ಪ್ರೊಫೆಸರರ ಮುಖ ನೋಡಿದೆ. ಮೂರು ವರ್ಷದ ಶ್ರಮ ಕೈಬಿಟ್ಟುಹೋಗಿ ನಿಂತ ಮನುಷ್ಯ. ಇವತ್ತು ಬೇಡ ಎನ್ನಿಸಿತು.

"ಜನರಿಗೆ ನಮ್ಮ ಮಾತು ಸರಿಯಾಗಿ ತಲುಪಲಿಲ್ಲ ಸರ್" ಎಂದೆ.

ಅವರು ತಲೆಯಾಡಿಸಿ ಅದನ್ನು ಬೋರ್ಡಿನ ಮೇಲೆ ಬರೆದುಕೊಂಡರು. ಎದುರಿನ ಕುರ್ಚಿಯಲ್ಲಿ ಮೇಘನಾ ನನ್ನನ್ನೇ ನೋಡುತ್ತಿದ್ದಳು. ಅವಳ ಸರದಿ ಬಂದಾಗ ಅವಳು ಟ್ಯಾಬ್ಲೆಟ್ಟಿನ ಅಂಕಿ ಅಂಶಗಳ ಬಗ್ಗೆ ಏನೋ ಹೇಳಿದಳು.

ಸಭೆ ಮುಗಿದು ಇಬ್ಬರೂ ಎಮ್‌ಆರ್‌ಟಿ ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರ್ಮಿನ ಮೇಲೆ ನಿಂತಾಗ ಅವಳು ಕೇಳಿದಳು, "ಆಂಟಿ, ಅಂಕಲ್ ಹೇಳಿದ್ದನ್ನ ನೀವು ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಾ ಅಂದ್ಕೊಂಡೆ" ಎಂದಳು.

ರೈಲು ಬಂತು. ಒಳಗೆ ಹೋಗಿ ಇಬ್ಬರೂ ಎದುರು ಬದುರು ಕೂತೆವು. ಜುರಾಂಗ್ ಈಸ್ಟ್ ಬರುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ನಾನು ನನ್ನ ಕೈ ನೋಡಿಕೊಳ್ಳುತ್ತಿದ್ದೆ.

ಮರುವರ್ಷ ನಾನು ನಿವೃತ್ತಳಾದೆ. ಮೇಘನಾ ಇನ್ನೂ ಅಲ್ಲೇ ಇದ್ದಾಳೆ, ಈಗ ಇನ್ನೂ ದೊಡ್ಡ ಜವಾಬ್ದಾರಿ. ಕೆಲವು ತಿಂಗಳ ಹಿಂದೆ, ಹಳಬರ ಅಭಿಪ್ರಾಯ ಬೇಕೆಂದು ಪಕ್ಷದ ಮುಂದಿನ ಐದು ವರ್ಷಗಳ ಕಾರ್ಯಯೋಜನೆಯನ್ನು ಕಳಿಸಿದ್ದಳು. ಮುದ್ರಣ ಚೆನ್ನಾಗಿತ್ತು. ಮೊದಲ ಪುಟದಲ್ಲಿ, ಸೋಲಿನ ಕಾರಣ ಎಂಬ ತಲೆಬರಹದ ಕೆಳಗೆ ಒಂದೇ ಸಾಲಿತ್ತು. ಜನರಿಗೆ ನಮ್ಮ ಮಾತು ಸರಿಯಾಗಿ ತಲುಪಲಿಲ್ಲ. ಅದರ ಮುಂದಿನ ನಲವತ್ತು ಪುಟಗಳಲ್ಲಿ, ಇನ್ನು ಮುಂದೆ ಹೇಗೆ ತಲುಪಿಸುವುದು ಎಂದು ವಿವರಿಸಿದ್ದರು.